ದೇವರನ್ನು ಆತುಕೊಳ್ಳುವುದು ಅಂದರೆ ಸುಮ್ಮನೆ ಕೂಡುವುದೇ?

ಪ್ರಶ್ನೆ: ನಸುಕಿನ ನಾಲ್ಕೂವರೆಗೆ ಎದ್ದು ಸತ್ಯವೇದದ ಮೂರು ಅಧ್ಯಾಯ ಓದುತ್ತೇನೆ. ಶುಕ್ರವಾರ ಉಪವಾಸ. ಆದರೂ ಎಂಟು ಗಂಟೆಗೆ ಮಕ್ಕಳನ್ನು ಸಾಲಿಗೆ ಕಳಿಸುವ ಗಡಿಬಿಡಿಯಲ್ಲಿ ಅತ್ತೆಯವರು ಒಂದು ಮಾತಂದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ. ಹಾಗೆ ಬಾಯಿಬಿಟ್ಟ ದಿನಕ್ಕೆ ಇನ್ನೊಂದು ಉಪವಾಸ ಹಿಡಿಯುತ್ತೇನೆ. ‘ಸ್ವಂತ ಬಲ ಬಿಡ್ರಿ, ದೇವರನ್ನು ಆತುಕೊಳ್ರಿ’ ಅಂತಾರೆ ಸಭಾಪಾಲಕರು. ಆತುಕೊಳ್ಳೂದು ಅಂದ್ರ ಏನ್ ಮಾಡಬೇಕು? ಸುಮ್ಮನ ಕೂಡಬೇಕೇನು?
– ಒಬ್ಬ ಸಹೋದರಿ, ಬೆಟಗೇರಿ

ಉತ್ತರ: ಸುಮ್ಮನೆ ಕೂಡಬೇಡಿ, ಸಹೋದರಿ. ನಿಮ್ಮ ಸೀಮೆಯ ಎರೆಹೊಲವನ್ನೇ ನೋಡಿ. ಹಿಂಗಾರಿ ಜೋಳಕ್ಕೆ ರೈತ ಹರಗುತ್ತಾನೆ, ಹದ ನೋಡಿ ಕೂರಿಗೆ ಹೂಡುತ್ತಾನೆ, ಎಡೆ ಹೊಡೆಯುತ್ತಾನೆ. ಮುಂದೆ ಮಳೆ ಕೈಕೊಟ್ಟರೂ ಜೋಳ ತೆನೆ ಬಿಡುವುದು ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿಯಿಂದ. ಆ ಹಸಿ ರೈತ ತಂದದ್ದಲ್ಲ. ಮಾರ್ಕ 4:26-29ರಲ್ಲಿ ಯೇಸು ಹೇಳುವ ಮನುಷ್ಯನೂ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಹೇಗೆ ಬೆಳೆಯಿತೆಂದು ಅವನಿಗೇ ತಿಳಿಯದು. ತಾಳ್ಮೆಯನ್ನು ಗಲಾತ್ಯ 5:22 ಆತ್ಮನ ಫಲ ಎಂದು ಕರೆಯುತ್ತದೆ. ನೀವು ಬಿತ್ತಿದ್ದೀರಿ, ಒಳ್ಳೆಯದೇ. ಆದರೆ ಮೊಳಕೆಯನ್ನೂ ಕೈಯಿಂದ ಜಗ್ಗಿ ಉದ್ದ ಮಾಡಲು ಹೊರಟಿದ್ದೀರಿ. ದಣಿವು ಬರುತ್ತಿರುವುದು ಅಲ್ಲಿಂದ.

ಈ ಗೊಂದಲ ಬಹಳ ಹಳೆಯದು. ಪೆಲಾಗಿಯಸ್ ಎಂಬ ಬೋಧಕನ ಬೋಧನೆಯ ವಿಚಾರವಾಗಿ ಕ್ರಿ.ಶ. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಮುಂದೆಯೂ ಇದೇ ಮಾತು ಬಂದಿತ್ತು: ದೇವರ ಆಜ್ಞೆಗಳನ್ನು ನಾವೇ ಪಾಲಿಸಬಲ್ಲೆವು, ಕೃಪೆ ಇದ್ದರೆ ಕೆಲಸ ಇನ್ನಷ್ಟು ಹಗುರಾಗುತ್ತದೆ, ಅಷ್ಟೇ ಎಂದು. ಸಭೆ ಅದನ್ನು ತಳ್ಳಿಹಾಕಿತು. ಅವರು ತೋರಿಸಿದ್ದು ಯೋಹಾನ 15:5. ‘ನನ್ನನ್ನು ಬಿಟ್ಟು ನೀವು ಮಾಡುವುದು ಕಷ್ಟವಾದೀತು’ ಎಂದು ಕರ್ತನು ಹೇಳಲಿಲ್ಲ. ಏನೂ ಮಾಡಲಾರಿರಿ ಎಂದನು. ನಮ್ಮಲ್ಲಿ ಬಹಳ ಮಂದಿಯ ಪ್ರಾರ್ಥನೆ ಇನ್ನೂ ಆ ಮೊದಲನೆಯ ಮಾತಿನ ಮೇಲೆಯೇ ನಡೆಯುತ್ತಿದೆ: ನೂರಕ್ಕೆ ತೊಂಬತ್ತು ನನ್ನದು, ಕಡಿಮೆ ಬಿದ್ದದ್ದನ್ನು ದೇವರು ತುಂಬಲಿ.

ನಾಳೆ ಬೆಳಿಗ್ಗೆ ಏನು ಮಾಡಬೇಕೆಂದರೆ, ಮೂರು ಅಧ್ಯಾಯದ ಬದಲು ಒಂದೇ ಓದಿ. ಉಳಿದ ಹೊತ್ತಿನಲ್ಲಿ ಆ ಎಂಟು ಗಂಟೆಯ ಹೆಸರು ಹಿಡಿದು ಬೇಡಿಕೊಳ್ಳಿ: ‘ಕರ್ತನೇ, ಎಂಟಕ್ಕೆ ಅತ್ತೆಯವರು ಮಾತಾಡುತ್ತಾರೆ. ನನ್ನಲ್ಲಿ ತಾಳ್ಮೆ ಇಲ್ಲ. ನಿನ್ನದನ್ನು ಕೊಡು.’ ‘ನನ್ನನ್ನು ಒಳ್ಳೆಯವಳನ್ನಾಗಿ ಮಾಡು’ ಎಂಬ ಪ್ರಾರ್ಥನೆ ಅಗಲವಾಯಿತು. ಉತ್ತರ ಬಂದರೂ ಗುರುತು ಸಿಗುವುದಿಲ್ಲ.

ಆ ಮಾತು ಬಂದ ಗಳಿಗೆಯಲ್ಲಿ ಉದ್ದನೆಯ ಪ್ರಾರ್ಥನೆಗೆ ಸಮಯವಿರದು. ಮುಳುಗುತ್ತಿದ್ದ ಪೇತ್ರನದೂ ಒಂದೇ ಕೂಗು: ಕರ್ತನೇ, ನನ್ನನ್ನು ಕಾಪಾಡು. ರೊಟ್ಟಿ ಬಡಿಯುತ್ತಿದ್ದರೆ ಬಡಿಯುತ್ತಲೇ ಅಷ್ಟು ಅನ್ನಿ. ಕೈಯೊಳಗಿನ ರೊಟ್ಟಿ ಹಂಚಿಗೆ ಬಿದ್ದು, ನೀರು ಸವರಿ, ಮಗುಚುವವರೆಗೆ ತುಟಿ ಬಿಚ್ಚಬೇಡಿ. ಆಮೇಲೆ ಮೆಲ್ಲಗೆ ಉತ್ತರ ಕೊಡಿ. ಬಲ ಬಂದ ಮೇಲೆ ಸುಮ್ಮನಿರುತ್ತೇನೆ ಎಂದು ಕಾಯಬೇಡಿ. ಬತ್ತಿದ ಕೈಯವನಿಗೆ ಯೇಸು ಕೈ ಚಾಚು ಅಂದದ್ದು ಆ ಕೈ ಚಾಚಲು ಬಾರದಿದ್ದಾಗಲೇ. ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದದ್ದು ಹೋಗುತ್ತಿರುವಾಗ, ದಾರಿಯಲ್ಲಿ. ಫಿಲಿಪ್ಪಿ 2:12 ‘ಸಾಧಿಸಿಕೊಳ್ಳಿರಿ’ ಅನ್ನುತ್ತದೆ, 13ನೆಯ ವಚನ ‘ನಿಮ್ಮಲ್ಲಿ ಕೆಲಸ ಮಾಡುವವನು ದೇವರೇ’ ಅನ್ನುತ್ತದೆ. ಎರಡನ್ನೂ ಒಟ್ಟಿಗೇ ಓದಿ. ಮೊದಲನೆಯದನ್ನಷ್ಟೇ ಹಿಡಿದರೆ ನಿಮ್ಮ ಈಗಿನ ಆಯಾಸ, ಎರಡನೆಯದನ್ನಷ್ಟೇ ಹಿಡಿದರೆ ಸೋಮಾರಿತನ.

ಜಾರಿಬಿದ್ದಿರೋ, ದಂಡದ ಉಪವಾಸ ಬೇಡ. ನಿಮಗೆ ಬಹಳ ಕಳಕಳಿಯಿಂದ ಹೇಳುತ್ತಿದ್ದೇನೆ: ಆ ಸಾಲವನ್ನು ಶಿಲುಬೆಯ ಮೇಲೆ ತೀರಿಸಿಯಾಗಿದೆ, ಅದನ್ನು ಮತ್ತೆ ಕಂತಿನಲ್ಲಿ ಕಟ್ಟಬೇಡಿ. 1 ಯೋಹಾನ 1:9ರಂತೆ ಅರಿಕೆಮಾಡಿ. ಹೊತ್ತು ಮುಳುಗುವುದರೊಳಗೆ ಅತ್ತೆಯವರ ಹತ್ತಿರ ಹೋಗಿ ‘ತಪ್ಪಾತ್ರೀ ಅತ್ತಿ’ ಅನ್ನಿ. ಉಪವಾಸಕ್ಕಿಂತ ಇದು ಕಠಿಣ, ಅದಕ್ಕೇ ನಾವು ಉಪವಾಸದ ಹಿಂದೆ ಅಡಗಿಕೊಳ್ಳುತ್ತೇವೆ.

ನಿದ್ದೆಯ ವಿಷಯವನ್ನೂ ಕೇಳುತ್ತೇನೆ. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಏಳುವವರಾದರೆ ಆಯಿತು ಐದೂವರೆ ತಾಸು. ಅದರ ಮೇಲೆ ಹಸಿದ ಹೊಟ್ಟೆ. ಸಿಟ್ಟು ಬೇಗ ಬರದೆ ಇನ್ನೇನು? ಸಾಯುತ್ತೇನೆ ಎಂದು ಮರದಡಿ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು, ಅದೂ ಎರಡೆರಡು ಸಲ. ಮಾತಾಡಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಒಂದು ತಾಸು ಹೆಚ್ಚು ಮಲಗಿ. ಅದೂ ಆತುಕೊಳ್ಳುವುದೇ, ಕೀರ್ತನೆ 127ರ ಎರಡನೆಯ ವಚನ ನೋಡಿ.

ಪ್ರಶ್ನೆ: ಪೂರ್ತಿ ದೇವರನ್ನು ನಂಬಿದವರು ಬಿಪಿ ಗುಳಿಗೆ ನುಂಗಬಾರದು ಅಂತ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಹೇಳಿದರು. ಅಪ್ಪ ಎರಡು ವಾರದಿಂದ ಬಿಟ್ಟಿದ್ದಾರೆ.
– ಹಾವೇರಿಯಿಂದ ಒಬ್ಬ ಓದುಗ

ಉತ್ತರ: ಇಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿಪಿ ನೋಡಿಸಿ, ಗುಳಿಗೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅಪ್ಪ ಆರಾಮ ಇದ್ದೇನೆ ಅಂದರೂ ನಂಬಿ ಕೂಡಬೇಡಿ. ಲೂಕನನ್ನು ಪೌಲನು ಪ್ರಿಯ ವೈದ್ಯ ಎಂದೇ ಕರೆದ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಬರೆದ. 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಾರ್ಥನಾಲಯ ಕಟ್ಟಿದರು, ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು. ಒಂದನ್ನು ಕಟ್ಟಿದ್ದಕ್ಕೆ ಇನ್ನೊಂದು ಬೇಡವೆನ್ನಲಿಲ್ಲ. ಅಪ್ಪ ಗುಳಿಗೆ ನುಂಗುವ ಮುಂಚೆ ಊಟಕ್ಕೆ ಮಾಡುವ ಹಾಗೆಯೇ ಸ್ತೋತ್ರ ಸಲ್ಲಿಸಲಿ. ಆ ಬೋಧನೆಯ ವಿಷಯ ನಿಮ್ಮ ಸಭಾಪಾಲಕರಿಗೂ ತಿಳಿಸಿ. ಕೂಟದಲ್ಲಿ ಇನ್ನೂ ಯಾರು ಯಾರು ಗುಳಿಗೆ ಬಿಟ್ಟಿದ್ದಾರೋ ವಿಚಾರಿಸಬೇಕು.