ಮಾರ್ಕ್ಸ್ ಬರುತ್ತದೆ, ಮಾತು ಬರಲ್ಲ

ಪ್ರಶ್ನೆ: ನನ್ನ ಮಗ ದಾವಣಗೆರೆಯಲ್ಲಿ ಕನ್ನಡ ಮೀಡಿಯಂ ಏಳನೇ ಕ್ಲಾಸು. ಇಂಗ್ಲಿಷಲ್ಲಿ ಒಳ್ಳೆ ಮಾರ್ಕ್ಸ್ ತಗೊಳ್ಳುತ್ತಾನೆ. ಆದರೆ ಮನೆಗೆ ಬಂದ ನೆಂಟರು ಇಂಗ್ಲಿಷಲ್ಲಿ ಏನಾದರೂ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಈ ಕ್ಲಾಸುಗಳಲ್ಲಿ ಅಸಲಿಗೆ ಏನು ಕಲಿಸುತ್ತಾರೆ? ಮೀಡಿಯಂ ಬದಲಿಸಲಾ? ನನಗಂತೂ ಇಂಗ್ಲಿಷ್ ಬರಲ್ಲ.

ಉತ್ತರ: ಮೊದಲು ನೆಂಟರ ಮುಂದೆ ಅವನನ್ನು ಪರೀಕ್ಷೆಗೆ ನಿಲ್ಲಿಸೋದು ಬಿಡಿ. ಅವರಾಗಿಯೇ ಕೇಳಿದರೂ ನೀವು ತಡೆಯಿರಿ. ಆ ವಯಸ್ಸಿನ ಹುಡುಗನಿಗೆ ಅದು ತುಂಬಾ ದಿನ ಚುಚ್ಚುತ್ತದೆ.

ಆರರಿಂದ ಎಂಟರವರೆಗೆ ಪಾಠ, ಪದ್ಯ, ಪ್ರಶ್ನೋತ್ತರ, ಪತ್ರ, ರಜೆ ಅರ್ಜಿ ಇರುತ್ತದೆ. ವ್ಯಾಕರಣದಲ್ಲಿ ಟೆನ್ಸ್ ಅಂದರೆ ಕಾಲಗಳು, ಆರ್ಟಿಕಲ್ ಅಂದರೆ 'ಎ, ಆನ್, ದಿ', ಪ್ರಿಪೊಸಿಷನ್ ಅಂದರೆ 'ಇನ್, ಅಂಡರ್' ಥರದ ಪದಗಳು, ಆಮೇಲೆ ಪ್ರಶ್ನೆ ಮಾಡುವ ರೀತಿ. ಮಕ್ಕಳು ಜಾಸ್ತಿ ಎಡವೋದು ಈ ಕೊನೆಯದರಲ್ಲಿ. ನಮಗೆ 'ಹೋದೆ' ಅನ್ನೋದಕ್ಕೆ ಕೊನೆಗೆ ಒಂದು 'ಆ' ಹಚ್ಚಿದರೆ ಸಾಕು, 'ಹೋದೆಯಾ' ಅಂತ ಪ್ರಶ್ನೆ ಆಯಿತು. ಇಂಗ್ಲಿಷಲ್ಲಿ 'ಯು ವೆಂಟ್' ಪ್ರಶ್ನೆ ಆಗಬೇಕಾದರೆ ಮುಂದೆ 'ಡಿಡ್' ಬಂದು ಕೂರಬೇಕು, ಅದು ಬಂದ ಕೂಡಲೇ 'ವೆಂಟ್' ಹೋಗಿ ಮತ್ತೆ 'ಗೋ' ಆಗಬೇಕು, ಯಾಕೆಂದರೆ ಆಗಿಹೋದ ಕಾಲವನ್ನು 'ಡಿಡ್' ಒಂದೇ ಹೇಳಿಬಿಟ್ಟಿದೆ. ನಾನು ಚಿತ್ರದುರ್ಗದ ಕಡೆ ಪಾಠ ಮಾಡುವಾಗ ನೋಟ್‌ಬುಕ್ ತೆರೆದರೆ 'ಡಿಡ್ ಯು ವೆಂಟ್'. ಕೆಂಪು ಪೆನ್ನಲ್ಲಿ ತಿದ್ದಿ ತಿದ್ದಿ ಸಾಕಾಯಿತು. ಬೋರ್ಡಿನ ಮೇಲೆ ಕನ್ನಡದ ಪಕ್ಕ ಬರೆದು ತೋರಿಸಿದ ಮೇಲೆಯೇ ಮಕ್ಕಳ ಮುಖ ಅರಳಿದ್ದು. ಹಾಗೇ ಕನ್ನಡದಲ್ಲಿ ದಿನಾ ಶಾಲೆಗೆ 'ಹೋಗುತ್ತೇನೆ', ನಾಳೆ ಹರಿಹರಕ್ಕೂ 'ಹೋಗುತ್ತೇನೆ'. ಇಂಗ್ಲಿಷಲ್ಲಿ ಒಂದು 'ಐ ಗೋ', ಇನ್ನೊಂದು 'ಐ ವಿಲ್ ಗೋ'.

ಇನ್ನು ಮಾತು ಬರದಿರೋದಕ್ಕೆ ಕಾರಣ ಬಾಯಿಪಾಠ. ನನ್ನ ಕ್ಲಾಸಿನ ಒಬ್ಬ ಹುಡುಗ ರಜೆ ಅರ್ಜಿಯನ್ನು ಒಂದೂ ತಪ್ಪಿಲ್ಲದೆ ಬರೆಯುತ್ತಿದ್ದ. ಕಾರಣ ಯಾವಾಗಲೂ ಜ್ವರ. ಅಕ್ಕನ ಮದುವೆಗೆ ರಜೆ ಕೇಳಿ ಬರಿ ಅಂದೆ, ಪೆನ್ನು ನಿಂತುಬಿಟ್ಟಿತು. ಗೈಡಿನಲ್ಲಿ ಜ್ವರ ಮಾತ್ರ ಇತ್ತು.

ಮೀಡಿಯಂ ಈಗ ಬದಲಿಸಬೇಡಿ. ಅರ್ಥವಾಗುತ್ತಿರುವ ಗಣಿತ, ವಿಜ್ಞಾನವೂ ಕೈ ತಪ್ಪಬಹುದು. ಸರ್ಕಾರಿ ಶಾಲೆಗಳಲ್ಲೇ 2007ರಿಂದ ಒಂದನೇ ಕ್ಲಾಸಿಗೆ ಇಂಗ್ಲಿಷ್ ಇದೆ, ಹಾಗಾಗಿ ನಿಮ್ಮ ಮಗನ ಹತ್ತಿರ ಪದಗಳಿಗೆ ಬರ ಇರಲ್ಲ. ಅವನ್ನು ಜೋಡಿಸಿ ಬಳಸೋ ಅಭ್ಯಾಸ ಬೇಕು, ಅಷ್ಟೇ.

ಅದಕ್ಕೆ ನಿಮಗೆ ಇಂಗ್ಲಿಷ್ ಬರಬೇಕು ಅಂತೇನಿಲ್ಲ. ರಾತ್ರಿ ಊಟ ಆದ ಮೇಲೆ ಕನ್ನಡದಲ್ಲೇ ಕೇಳಿ: ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿಂದ್ಯಲ್ಲ, ಎಲ್ಲಿ, ಯಾರ ಜೊತೆ? ಮೂರು ಸಾಲು ಇಂಗ್ಲಿಷಲ್ಲಿ ಹೇಳಲಿ. ತಪ್ಪಾದರೆ ಆಗಲಿ, ನಡುವೆ ತಡೆಯಬೇಡಿ. ಆಮೇಲೆ ಅದೇ ಮೂರು ಸಾಲನ್ನು ನಾಳೆ ತಿನ್ನೋ ಹಾಗೆ ಬದಲಿಸಿ ಹೇಳಲಿ. ಕೊನೆಗೆ ಒಂದು ಸಾಲು ನಿಮಗೂ ಕಲಿಸಲಿ. ಅಮ್ಮನಿಗೆ ಪಾಠ ಹೇಳೋದು ಅಂದ್ರೆ ಯಾವ ಮಗನಿಗೆ ಖುಷಿ ಇಲ್ಲ, ಅಲ್ವಾ?