ನನಗೂ ಅಮ್ಮನ ಮರೆವು ಬಂತಾ?

ಅವರು ನನ್ನ ಬಳಿ ಸಲಹೆ ಕೇಳಲು ಬಂದ 62 ವರ್ಷದ ನಿವೃತ್ತ ಕನ್ನಡ ಶಿಕ್ಷಕಿ. ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕುರ್ಚಿಯಲ್ಲಿ ಕೂತವರೇ ಅವರು ಕೇಳಿದ್ದು ಒಂದೇ ಮಾತು: "ನನಗೂ ಅಮ್ಮನ ಹಾಗೆ ಮರೆವು ಶುರುವಾಯ್ತಾ?"

ಅಮ್ಮನನ್ನು ಕೊನೆಯ ಆರು ವರ್ಷ ನೋಡಿಕೊಂಡವರು ಇವರೇ. ಕೊನೆಕೊನೆಗೆ ಆ ತಾಯಿಗೆ ಮಗಳ ಹೆಸರೂ ನೆನಪಿರಲಿಲ್ಲ. ಈಗ ಇವರಿಗೆ ಕಾದಂಬರಿಯ ಹತ್ತು ಪುಟ ದಾಟುವಷ್ಟರಲ್ಲಿ ಯಾರು ಯಾರ ತಮ್ಮ ಎಂಬುದೇ ಕಲಸಿಹೋಗುತ್ತಿತ್ತು. ಓದಿದ ಪುಟವನ್ನೇ ಮತ್ತೆ ಓದುತ್ತಿದ್ದರು. ನಿವೃತ್ತಿಯಾದಾಗ ಜರ್ಮನಿಯಲ್ಲಿರುವ ಮಗಳು ಒಂದು ಟ್ಯಾಬ್ಲೆಟ್ ತುಂಬ ಕನ್ನಡ ಪುಸ್ತಕ ಹಾಕಿ ಕೊಟ್ಟಿದ್ದಳು. "ವರ್ಷಕ್ಕೆ 50 ಓದ್ತೀನಿ ಅಂತ ಹೇಳಿಬಿಟ್ಟೆ. ಎರಡು ವರ್ಷ ಆಯ್ತು, ಮೂರು ಮುಗಿದಿಲ್ಲ. ಅವಳು ಕೇಳಿದರೆ ಸುಳ್ಳು ಹೇಳ್ತೀನಿ." ಹೇಳುವಾಗ ಅವರ ಕಣ್ಣು ತುಂಬಿತು.

ಮೊದಲೆಲ್ಲ ಹೇಗೆ ಓದುತ್ತಿದ್ದಿರಿ ಎಂದು ಕೇಳಿದೆ. ಮುಖವೇ ಬದಲಾಯಿತು. ಮದುವೆಯಾದ ಹೊಸತರಲ್ಲಿ ಓಣಿಯ ನಾಲ್ಕು ಮನೆಯವರು ಸೇರಿ ಸುಧಾ, ತರಂಗ ತರಿಸುತ್ತಿದ್ದರಂತೆ. ಇವರದು ಕೊನೆಯ ಸರದಿ. ಧಾರಾವಾಹಿಯ ಕಂತು ಇವರ ಕೈಗೆ ಬರುವಷ್ಟರಲ್ಲಿ ಉಳಿದವರು ಬಾವಿಕಟ್ಟೆಯಲ್ಲಿ ಅರ್ಧ ಕಥೆ ಹೇಳಿಬಿಟ್ಟಿರುತ್ತಿದ್ದರು. ಅದು ಕಿವಿಗೆ ಬೀಳಬಾರದು ಅಂತ ಇವರು ಕೊಡವನ್ನು ಜೋರಾಗಿ ಸದ್ದು ಮಾಡುತ್ತಾ ತೊಳೆಯುತ್ತಿದ್ದರು! ಆ ಕಥೆಗಳ ಪಾತ್ರಗಳು ಅವರಿಗೆ ಇವತ್ತಿಗೂ ನೆನಪಿವೆ.

ಹಾಗಂತ "ನಿಮಗೇನೂ ಆಗಿಲ್ಲ ಬಿಡಿ" ಎಂದು ನಾನು ಹೇಳಲಿಲ್ಲ. ಮರೆವಿನ ಕಾಯಿಲೆಯಲ್ಲೂ ಹಳೆಯ ನೆನಪು ಬಹಳ ದಿನ ಉಳಿಯುತ್ತದೆ. ತಾಯಿಗೆ ಆ ಕಾಯಿಲೆ ಇದ್ದವರ ಭಯವನ್ನು ಬರೀ ಸಮಾಧಾನದ ಮಾತಿನಿಂದ ತಳ್ಳಿಹಾಕಬಾರದು. ವೈದ್ಯರ ಹತ್ತಿರ ಕಳಿಸಿದೆ. ನೆನಪಿನ ಪರೀಕ್ಷೆ, ಥೈರಾಯ್ಡ್, ಬಿ-12, ಕಣ್ಣು ಎಲ್ಲವೂ ಆಯಿತು. ಬಿ-12 ಸ್ವಲ್ಪ ಕಡಿಮೆ ಇತ್ತು, ಅದಕ್ಕೆ ಔಷಧ ಕೊಟ್ಟರು. ಕನ್ನಡಕ ಬದಲಾಯಿತು. ನೆನಪಿನ ಪರೀಕ್ಷೆಯಲ್ಲಿ ಆತಂಕಪಡುವಂಥದ್ದು ಏನೂ ಕಾಣಲಿಲ್ಲ.

ಆಮೇಲೆ ಒಂದು ಸಣ್ಣ ಕೆಲಸ ಕೊಟ್ಟೆ. ಓದುವಾಗ ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ಕೈ ಫೋನಿನ ಕಡೆ ಹೋದಾಗಲೆಲ್ಲ ಒಂದು ಗೀಟು ಹಾಕಿ. ಮೊದಲ ಸಂಜೆ 40 ನಿಮಿಷಕ್ಕೆ 17 ಗೀಟು ಬಿದ್ದಿದ್ದವು. ಅದರಲ್ಲಿ ಫೋನ್ ಸದ್ದು ಮಾಡಿದ್ದು ಐದೇ ಸಲ. ಉಳಿದ ಹನ್ನೆರಡು ಸಲ ಕೈ ತಾನಾಗಿಯೇ ಹೋಗಿತ್ತು. ಎರಡೆರಡು ನಿಮಿಷಕ್ಕೆ ಕಥೆಯಿಂದ ಎದ್ದು ಹೊರಗೆ ಹೋಗಿ ಬಂದರೆ ಯಾರಿಗೆ ತಾನೇ ಪಾತ್ರಗಳ ಹೆಸರು ನಿಲ್ಲುತ್ತೆ? ಆ ಚೀಟಿ ನೋಡಿ ಅವರು ದೀರ್ಘವಾಗಿ ಉಸಿರುಬಿಟ್ಟರು.

ಫೋನ್ ಬಂದ್ ಮಾಡಿ ಎಂದು ನಾನು ಹೇಳಲಿಲ್ಲ. ಮಗಳ ಕರೆ ತಪ್ಪಿದರೆ ಎಂಬ ಕಳವಳದಲ್ಲಿ ಇನ್ನೂ ಓದಲಾಗುತ್ತಿರಲಿಲ್ಲ. ಫೋನನ್ನು ಅಡುಗೆಮನೆಯ ಗೂಡಿನಲ್ಲಿಡಿ, ಕರೆಯ ಸದ್ದು ಮಾತ್ರ ಬರಲಿ, ಹಳೆಯ ಕಾಲದ ಲ್ಯಾಂಡ್‌ಲೈನ್ ಥರ ಎಂದೆ. ಮೊದಲ ಪುಟವನ್ನು ಗಟ್ಟಿಯಾಗಿ ಓದಲು ಹೇಳಿದೆ. ಮೂವತ್ತು ವರ್ಷ ತರಗತಿಯಲ್ಲಿ ಓದಿದ ದನಿ ಅದು, ಅದರ ಹಿಂದೆ ಗಮನ ತಾನಾಗಿ ಬರುತ್ತದೆ. ಹೊಸ ದಪ್ಪ ಕಾದಂಬರಿ ಬೇಡ, ಹಿಂದೆ ಇಷ್ಟಪಟ್ಟ ಸಣ್ಣಕಥೆಗಳು ಸಾಕು. ಹಿಡಿಸದಿದ್ದರೆ ಅರ್ಧಕ್ಕೇ ಬಿಡಿ. ಮುಖ್ಯವಾಗಿ ಆ 50ರ ಲೆಕ್ಕ ಬಿಟ್ಟುಬಿಡಿ ಎಂದೆ. ನನ್ನ ಪ್ರಕಾರ ಅವರ ಓದಿನ ಸುಖಕ್ಕೆ ಫೋನಿಗಿಂತ ಜಾಸ್ತಿ ಅಡ್ಡ ನಿಂತಿದ್ದು ಆ ಲೆಕ್ಕವೇ. ಬಾವಿಕಟ್ಟೆಯಲ್ಲಿ ಯಾರೂ ಅವರನ್ನು ಎಷ್ಟು ಓದಿದೆ ಎಂದು ಕೇಳಿರಲಿಲ್ಲ, ಅಲ್ವಾ?

ಟ್ಯಾಬ್ಲೆಟ್ ಬಗ್ಗೆ ಅವರಿಗೆ ಅಳುಕಿತ್ತು. ಅದನ್ನು ಪಕ್ಕಕ್ಕಿಟ್ಟರೆ ಮಗಳಿಗೆ ನೋವಾಗಬಹುದು. ಅದೂ ಇರಲಿ ಎಂದೆ. ಅಕ್ಷರ ದೊಡ್ಡದು ಮಾಡಬಹುದು, ಪ್ರಯಾಣಕ್ಕೆ ಹಗುರ. ಓದುವಾಗ ವೈಫೈ ಆಫ್ ಇದ್ದರಾಯಿತು. ಆದರೆ ಉದ್ದದ ಕಥೆಗೆ ಸದ್ಯಕ್ಕೆ ಕಾಗದದ ಪುಸ್ತಕ ಹಿಡಿಯಿರಿ ಎಂದೆ. ಕಾರಣವನ್ನೂ ಹೇಳಿದೆ. ನಾರ್ವೆಯ ಸಂಶೋಧಕಿ ಆನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಜನರಿಗೆ 28 ಪುಟದ ಒಂದೇ ಕಥೆ ಓದಲು ಕೊಟ್ಟರು, ಅರ್ಧ ಜನಕ್ಕೆ ಕಾಗದದಲ್ಲಿ, ಅರ್ಧ ಜನಕ್ಕೆ ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿ. ಹೆಚ್ಚಿನ ಪ್ರಶ್ನೆಗಳಲ್ಲಿ ಇಬ್ಬರೂ ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದರಲ್ಲಿ ಕಾಗದದಲ್ಲಿ ಓದಿದವರೇ ಮುಂದಿದ್ದರು. ಎಷ್ಟು ಓದಿದೆವು, ಎಷ್ಟು ಉಳಿದಿದೆ ಎಂಬುದು ಕೈಗೇ ಗೊತ್ತಾಗುತ್ತಿರುವುದು ಇದಕ್ಕೆ ಕಾರಣವಿರಬಹುದು.

ಮಗಳಿಗೆ ನಿಜ ಹೇಳುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೂರು ವಾರ ತೆಗೆದುಕೊಂಡರು. ಹೇಳಿದಾಗ ಅವಳು, "ಅಮ್ಮಾ, ನನಗೂ ಓದೋಕೆ ಆಗ್ತಿಲ್ಲ" ಎಂದಳಂತೆ.

ನಾಲ್ಕನೆಯ ಭೇಟಿಗೆ ಟೀಚರ್ ಕೈಯಲ್ಲಿ ಗ್ರಂಥಾಲಯದ ಪುಸ್ತಕ ಹಿಡಿದು ಬಂದರು, ಒಳಗೆ ಬಸ್ ಟಿಕೆಟ್ ಗುರುತಿಗೆ. ಕಥೆ ಹೇಳುತ್ತಾ ಹೋಗಿ ಒಂದು ಕಡೆ ನಿಂತರು. ಪಾತ್ರದ ಹೆಸರು ಬರಲಿಲ್ಲ. ನಾನು ಅವರ ಮುಖ ನೋಡುತ್ತಿದ್ದೆ. ಗಾಬರಿ ಇರಲಿಲ್ಲ. "ಇರಿ, ಎಡಗಡೆ ಪುಟದಲ್ಲಿ, ಮೇಲ್ಗಡೆ ಇತ್ತು" ಎನ್ನುತ್ತಾ ಹಾಳೆ ತಿರುವಿದರು. ಸಿಕ್ಕಿತು. ಹೆಸರು ಹೇಳಿ ಸುಮ್ಮನಾಗಲಿಲ್ಲ, ಆ ಪುಟವನ್ನು ಪೂರ್ತಿ ನನಗೆ ಓದಿ ಹೇಳಿದರು.