ಕೆಲಸಕ್ಕೆ ಹೊರಟರೆ ಮಗಳು ಬಿಡುವುದಿಲ್ಲ: ಪ್ರತಿಕ್ರಿಯೆ

ನೀವು ಬರೆದಿರುವುದರಲ್ಲೇ ಕಾರಣ ಇದೆ ಅನ್ನಿಸುತ್ತದೆ. ಎರಡೂವರೆ ವರ್ಷದ ಮಗಳನ್ನು ಟಿವಿ ಮುಂದೆ ಕೂರಿಸಿ, ಹಿತ್ತಲ ಬಾಗಿಲಿಂದ ಜಾರಿಕೊಂಡು ಹುಬ್ಬಳ್ಳಿಗೆ ಚಿಗರಿ ಬಸ್ಸು ಹತ್ತುತ್ತೀರಿ. ಆ ಹೊತ್ತಿಗೆ ಅಳು ತಪ್ಪುತ್ತದೆ ನಿಜ. ಆದರೆ ಅವ್ವ ಯಾವಾಗ ಮಾಯವಾಗುತ್ತಾಳೋ ಅಂತ ಮಗು ಉಳಿದ ಹೊತ್ತೆಲ್ಲ ಸೆರಗು ಬಿಡುವುದಿಲ್ಲ. ಈ ವಯಸ್ಸಿಗೆ ಇಂಥ ಅಂಜಿಕೆ ಇರುವಂಥದ್ದೇ. ಸಾಮಾನ್ಯವಾಗಿ 8 ತಿಂಗಳ ಹೊತ್ತಿಗೆ ಶುರುವಾಗಿ, 3 ವರ್ಷದ ಹೊತ್ತಿಗೆ ಇಳಿಯುತ್ತದೆ.

ಮೊದಲು ಕದ್ದು ಹೋಗುವುದನ್ನು ನಿಲ್ಲಿಸಿ. ರಜೆ ದಿನ "ಕೊತ್ತಂಬರಿ ತರ್ತೀನಿ" ಅಂತ ಹೇಳಿ ಹೋಗಿ, 5 ನಿಮಿಷಕ್ಕೆ ಬಂದು ಕಟ್ಟು ಅವಳ ಕೈಗೇ ಕೊಡಿ. ಆಮೇಲೆ 10 ನಿಮಿಷ, ಅರ್ಧ ಗಂಟೆ.

ಕೆಲಸದ ದಿನ ಹೊರಡುವ ಕಾಲು ಗಂಟೆ ಮೊದಲೇ ಆಯಿ (ಅಜ್ಜಿ) ಜೊತೆ ಆಟಕ್ಕೆ ಹಚ್ಚಿ. "6 ಗಂಟೆಗೆ ಬರ್ತೀನಿ" ಅಂದರೆ ಅವಳಿಗೆ ತಿಳಿಯದು. "ಆಯಿ ದೀಪ ಹಚ್ಚಿದ ಮೇಲೆ ಬರ್ತೀನಿ" ಅನ್ನಿ, ಹಾಗೇ ಬನ್ನಿ. ನಮ್ಮ ಮಗ ದಿನಾ ನನ್ನ ಚಪ್ಪಲಿ ತಂದು ಹೊಸ್ತಿಲ ಹತ್ತಿರ ಇಡುತ್ತಿದ್ದ, ಎಡ ಬಲ ಉಲ್ಟಾ! ನೀವು ಹೊರಡುವಾಗ ಒಂದು ಮುತ್ತು, ಟಾಟಾ, ಅಷ್ಟೇ. ಅತ್ತರೂ ಬಾಗಿಲಿಂದ ತಿರುಗಿ ಬರಬೇಡಿ, ಅಳು ಜಾಸ್ತಿ ಆಗುತ್ತದೆ.

ನಿಮಗೆ ಎಷ್ಟು ದಿನ ಹಿಡಿದೀತು ಹೇಳಲಾರೆ. ನಮಗೆ 3 ವಾರ ಹಿಡಿಯಿತು, ಮಧ್ಯೆ ಜ್ವರ ಬಂದು ಮತ್ತೆ ಮೊದಲಿನಿಂದ. 4 ವಾರ ಕಳೆದರೂ ಕಡಿಮೆಯಾಗದೆ ಊಟ, ನಿದ್ದೆ ಕೆಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಬಸ್ಸಲ್ಲಿ ಕೂತ ಮೇಲೆ ಆಯಿಗೆ ಫೋನ್ ಮಾಡಿ ವಿಚಾರಿಸಿ. ವಿಡಿಯೋ ಕಾಲ್ ಮಾತ್ರ ಬೇಡ, ಮುಖ ಕಂಡರೆ ಮತ್ತೆ ಶುರು.